ಡ್ರೋನ್ ಬರೋ ಮೊದಲೇ ಬಂದ ಕಾನೂನು

ನಮ್ಮ ಕೊಪ್ಪದ ಕಡೆ ಈಗ ಮದುವೆ ಅಂದ್ರೆ ಮೇಲೊಂದು ಡ್ರೋನ್ ಇರಲೇಬೇಕು. ಅದೇ ಡ್ರೋನನ್ನ ನಮ್ಮದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ತಗೊಂಡೋಗಿ ರೀಲ್ಸ್ ಮಾಡಬಹುದಾ? ಉತ್ತರ ಬೇಕಂದ್ರೆ 1972ಕ್ಕೆ ಹೋಗಬೇಕು.

ಆ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಹಾರೋ ಕ್ಯಾಮೆರಾ ಆಗ ಯಾರ ಕೈಲೂ ಇರಲಿಲ್ಲ. ಆದ್ರೆ ಆ ಕಾಯ್ದೆ ‘ಬೇಟೆ’ ಅನ್ನೋ ಪದಕ್ಕೆ ಕೊಟ್ಟ ಅರ್ಥದಲ್ಲಿ ಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡೋದೂ ಸೇರಿದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದೊಳಗೆ ಫೋಟೋಗ್ರಫಿಗೆ ಹೋಗೋದಕ್ಕೂ ಪರವಾನಗಿ ಬೇಕು ಅಂತ ಆಗಲೇ ಬರೆದಿತ್ತು.

ಡ್ರೋನ್ ನಿಯಮಗಳು ಬಂದಿದ್ದು ತುಂಬಾ ತಡವಾಗಿ. 2014ರ ಜೂನ್‌ನಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ನಿಷೇಧಿಸಿತು. ಅದೇ ಅಕ್ಟೋಬರ್‌ನಲ್ಲಿ ನಮ್ಮ ಡಿಜಿಸಿಎ ಇಡೀ ದೇಶದಲ್ಲಿ ಖಾಸಗಿ ಡ್ರೋನ್‌ಗೆ ತಡೆ ಹಾಕಿತು. 2018ರ ಡಿಸೆಂಬರ್ 1ರಿಂದ ಜಾರಿಯಾದ ನಿಯಮ ಬಾಗಿಲು ತೆರೆದರೂ, ಉದ್ಯಾನಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲಿ ಪರಿಸರ ಸಚಿವಾಲಯದ ಮುಂಗಡ ಅನುಮತಿ ಕೇಳಿತು. 2021ರ ಆಗಸ್ಟ್‌ನ ಡ್ರೋನ್ ನಿಯಮಗಳು ಇನ್ನಷ್ಟು ಸಡಿಲ: 250 ಗ್ರಾಂ ಒಳಗಿನ ಡ್ರೋನ್‌ಗೆ ಪೈಲಟ್ ಲೈಸೆನ್ಸೇ ಬೇಡ. ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿ ಹಸಿರು ವಲಯ ಇದ್ರೆ 400 ಅಡಿವರೆಗೆ ಹಾರಿಸಬಹುದು.

ಗೊಂದಲ ಶುರುವಾಗೋದು ಇಲ್ಲೇ. ಮ್ಯಾಪ್‌ನ ಹಸಿರು ಬಣ್ಣ ವಿಮಾನಯಾನ ಇಲಾಖೆಯ ಮಾತು. 1972ರ ಕಾಯ್ದೆ ಅದರಿಂದ ರದ್ದಾಗಲ್ಲ. ಬಂಡೀಪುರ, ನಾಗರಹೊಳೆ ವಿಷಯ ಎಲ್ಲರಿಗೂ ಗೊತ್ತು. ಕೊಕ್ಕರೆ ಬೆಳ್ಳೂರಲ್ಲಿ ಗೇಟಿಲ್ಲ, ಬೇಲಿಯಿಲ್ಲ. ಅದು ಊರು, 2007ರಲ್ಲಿ ಸಮುದಾಯ ಮೀಸಲು ಅಂತ ಘೋಷಣೆಯಾದ ಜಾಗ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಗೂಡಿಗೆ ತೊಂದರೆ ಕೊಟ್ರೆ ಅಪರಾಧ ಅನ್ನೋದು ಅಲ್ಲಿಗೂ ಅನ್ವಯ.

ಒಂದು ಡ್ರೋನಿಂದ ಏನಾಗುತ್ತೆ ಅಂತೀರಾ? 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾದಲ್ಲಿ ಡ್ರೋನೊಂದು ಗೂಡುಗಳಿದ್ದ ದ್ವೀಪದ ಮೇಲೆ ಬಿತ್ತು. ಟರ್ನ್ ಹಕ್ಕಿಗಳು ಬೆದರಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಬಿಟ್ಟು ಹೋದವು, ವಾಪಸ್ ಬರಲಿಲ್ಲ.

ಬೆಳ್ಳೂರಿನ ಜನ ಹಕ್ಕಿಗಳಿಗೋಸ್ಕರ ಹುಣಸೆ ಫಸಲನ್ನೇ ಬಿಟ್ಟವರು. ಅದಕ್ಕೆ ಅರಣ್ಯ ಇಲಾಖೆ ಪರಿಹಾರವನ್ನೂ ಕೊಟ್ಟಿದೆ. ಹಕ್ಕಿ ಬಂದ್ರೆ ಊರಿಗೆ ಒಳ್ಳೇದು ಅನ್ನೋ ನಂಬಿಕೆಯೇ ಅಲ್ಲಿನ ಮೊದಲ ಕಾನೂನು, ದಿಲ್ಲಿಯ ಕಾಯ್ದೆ ಆಮೇಲಿನದ್ದು. ಹಾಗಾಗಿ ನನ್ನ ಮಾತು ಇಷ್ಟೇ: ಬೆಳ್ಳೂರಿಗೆ ಹೋಗಿ, ಡ್ರೋನ್ ಮನೇಲಿ ಬಿಡಿ. ಅಲ್ಲಿ ಗೂಡುಗಳು ರಸ್ತೆಯಿಂದಲೇ ಕಾಣುತ್ತವೆ, ಫೋನಿನ ಝೂಮ್ ಸಾಕು.