ಟೇಬಲ್‌ಟಾಪ್ ಅಭ್ಯಾಸ (ಕೆಲಸದ ಸ್ಥಳದ ತುರ್ತು ಸನ್ನದ್ಧತೆ)

ಬೆಂಕಿ, ಅನಿಲ ಸೋರಿಕೆ, ಹಲ್ಲೆಯಂಥ ಅನಾಹುತ ಕೆಲಸದ ಜಾಗದಲ್ಲಿ ನಡೆದೇಬಿಟ್ಟಿತೆಂದು ಭಾವಿಸಿ, ಹೊಣೆಗಾರರೆಲ್ಲ ಒಂದು ಮೇಜಿನ ಸುತ್ತ ಕೂತು, ಯಾರು ಏನು ಮಾಡಬೇಕೆಂಬುದನ್ನು ಮಾತಿನಲ್ಲೇ ನಡೆಸಿ ನೋಡುವ ತಾಲೀಮು. ಇದರಲ್ಲಿ ಸೈರನ್ ಇಲ್ಲ, ಓಟವಿಲ್ಲ. ನಿರ್ವಾಹಕರು ಸನ್ನಿವೇಶವನ್ನು ಓದಿ ಹೇಳುತ್ತಾರೆ. ನಡುನಡುವೆ ಫೋನ್ ಕೆಟ್ಟಿದೆ, ಹಿಂಬಾಗಿಲಿಗೆ ಬೀಗ ಬಿದ್ದಿದೆ ಎಂಬ ಹೊಸ ಸುದ್ದಿ ಕೊಡುತ್ತಾರೆ. ಯೋಜನೆಯ ಹುಳುಕು ಹೊರಬೀಳುವುದು ಅಲ್ಲಿಯೇ.

ಇದರ ಮೂಲ ಸೈನ್ಯದಲ್ಲಿದೆ. ಪ್ರಷ್ಯಾದ ರೈಸ್‌ವಿಟ್ಜ್ 1812ರಲ್ಲಿ ದೊರೆಗೆ ತೋರಿಸಿದ ಯುದ್ಧದಾಟವನ್ನು ಅವನ ಮಗ ನಕ್ಷೆಯ ಮೇಲೆ ಆಡುವಂತೆ ತಿದ್ದಿ 1824ರಲ್ಲಿ ನಿಯಮಗಳನ್ನು ಪ್ರಕಟಿಸಿದ. ಮೇಜು ಹೇಳಿದ್ದನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ನೌಕಾಪಡೆಯ ಉದಾಹರಣೆ ಪ್ರಸಿದ್ಧ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಮೇಲಿನ ದಾಳಿಗೆ ಮೊದಲು, 1942ರ ಮೇ ತಿಂಗಳಲ್ಲಿ ನಡೆದ ಅಭ್ಯಾಸದಲ್ಲಿ ವಿಮಾನವಾಹಕ ಹಡಗುಗಳು ಮುಳುಗಿದವೆಂದು ಲೆಕ್ಕ ಬಂದಾಗ, ತೀರ್ಪುಗಾರ ಉಗಾಕಿ ಬಿದ್ದ ಬಾಂಬುಗಳ ಎಣಿಕೆಯನ್ನೇ ತಗ್ಗಿಸಿದ. ಜೂನ್‌ನ ನಿಜವಾದ ಕದನದಲ್ಲಿ ಅಂಥ ನಾಲ್ಕು ಹಡಗುಗಳು ಮುಳುಗಿದವು.

ನಾಗರಿಕ ಆಡಳಿತದಲ್ಲೂ ಇಂಥದೇ ಕಥೆಯಿದೆ. 2004ರ ಜುಲೈಯಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಅಧಿಕಾರಿಗಳು 'ಪ್ಯಾಮ್' ಎಂಬ ಕಾಲ್ಪನಿಕ ಚಂಡಮಾರುತವನ್ನು ಐದು ದಿನ ಚರ್ಚಿಸಿದರು. ನ್ಯೂ ಆರ್ಲಿಯನ್ಸ್ ಮುಳುಗುವುದನ್ನು ಆ ಮೇಜು ಮೊದಲೇ ಕಂಡಿತ್ತು. ಆ ಚರ್ಚೆಯ ಮುಂದುವರಿದ ಕೆಲಸ ಮುಗಿಯುವ ಮುನ್ನವೇ, 2005ರ ಆಗಸ್ಟ್‌ನಲ್ಲಿ, ಕತ್ರಿನಾ ಚಂಡಮಾರುತ ನಿಜವಾಗಿಯೇ ಬಂದಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು.

ಪ್ರಕೃತಿ ವಿಕೋಪದಂತೆ ಹಲ್ಲೆಗೂ ಇಂಥ ಸನ್ನದ್ಧತೆ ಬೇಕು. ಕೆಲಸದ ಸ್ಥಳದ ಹಿಂಸೆ ಪ್ರತ್ಯೇಕ ವಿಷಯವಾಗಿ ಅಮೆರಿಕದ ಗಮನ ಸೆಳೆದದ್ದು 1986ರ ಆಗಸ್ಟ್ 20ರಂದು ಓಕ್ಲಹೋಮದ ಎಡ್ಮಂಡ್ ಅಂಚೆ ಕಚೇರಿಯಲ್ಲಿ ನೌಕರನೊಬ್ಬ 14 ಸಹೋದ್ಯೋಗಿಗಳನ್ನು ಕೊಂದ ಮೇಲೆ. ಅಲ್ಲಿ ಆರೋಗ್ಯ ಕ್ಷೇತ್ರಕ್ಕೆ 1996ರಲ್ಲಿ ಹಿಂಸೆ ತಡೆಯ ಮಾರ್ಗಸೂಚಿ ಬಂದಿತು. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಬಹುತೇಕ ಉದ್ಯೋಗದಾತರು ಲಿಖಿತ ಹಿಂಸೆ ತಡೆ ಯೋಜನೆ ಹೊಂದಿರಲೇಬೇಕು.

ಭಾರತವನ್ನು ಎಚ್ಚರಿಸಿದ್ದು 1984ರ ಭೋಪಾಲ್ ಅನಿಲ ದುರಂತ. ಕಾರ್ಖಾನೆ ಕಾಯ್ದೆಗೆ 1987ರಲ್ಲಿ ತಿದ್ದುಪಡಿಯಾಯಿತು. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳು ಕಾರ್ಖಾನೆಯೊಳಗಿನ ತುರ್ತು ಯೋಜನೆಗೆ ಆರು ತಿಂಗಳಿಗೊಮ್ಮೆ, ಹೊರಗಿನದಕ್ಕೆ ವರ್ಷಕ್ಕೊಮ್ಮೆ ತಾಲೀಮು ಕಡ್ಡಾಯ ಮಾಡಿದವು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಅಣಕು ಕಾರ್ಯಾಚರಣೆಗೆ ಮೊದಲು ಟೇಬಲ್‌ಟಾಪ್ ಅಭ್ಯಾಸ ನಡೆಸುವ ಪದ್ಧತಿ ಬೆಳೆಸಿದೆ. ಆದರೆ ಅಪಾಯ ರಾಸಾಯನಿಕ ಕಾರ್ಖಾನೆಗಳಲ್ಲಷ್ಟೇ ಇಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಚೇರಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹೊಗೆಯಿಂದ ಪಾರಾಗಲು ಕೆಲವರು ಮೇಲಂತಸ್ತಿನಿಂದ ಹಾರಿದರು. 9 ಮಂದಿ ಸತ್ತರು.

ಆಸ್ಪತ್ರೆಗಳಲ್ಲಿ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಶಿಕ್ಷಿಸಲು ಕರ್ನಾಟಕದಲ್ಲಿ 2009ರ ಕಾಯ್ದೆಯಿದೆ. ಅದು ಕೆಲಸಕ್ಕೆ ಬರುವುದು ಏಟು ಬಿದ್ದ ಮೇಲೆ. ರೊಚ್ಚಿಗೆದ್ದ ಗುಂಪು ತುರ್ತು ಚಿಕಿತ್ಸಾ ಘಟಕಕ್ಕೆ ನುಗ್ಗಿದರೆ ಯಾವ ಬಾಗಿಲು ಮುಚ್ಚಬೇಕು, ಪೊಲೀಸರಿಗೆ ಯಾರು ಫೋನ್ ಮಾಡಬೇಕು, ಕದಲಲಾಗದ ರೋಗಿಯ ಬಳಿ ಯಾರು ನಿಲ್ಲಬೇಕು ಎಂಬುದು ಮೊದಲೇ ಮೇಜಿನ ಮುಂದೆ ತೀರ್ಮಾನವಾಗಬೇಕಾದ ಮಾತು. ಅಲ್ಲಿಗೆ ಆಡಳಿತಾಧಿಕಾರಿಗಳ ಜೊತೆಗೆ ರಾತ್ರಿ ಪಾಳಿಯ ನರ್ಸ್, ಕಾವಲುಗಾರ, ಆಯಾ ಇವರನ್ನೂ ಕರೆದು ಕೂರಿಸಬೇಕು.