ಓದಲೆಂದು ಬಂದು ಉಳಿದವರು

1985ರ ಫೆಡರೇಷನ್ ಕಪ್ ಫೈನಲ್ ನಡೆದದ್ದು ಬೆಂಗಳೂರಿನಲ್ಲಿ. ಆಡಿದವು ಮಾತ್ರ ಕಲ್ಕತ್ತದ ಬದ್ಧವೈರಿಗಳಾದ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್. ಪಂದ್ಯದ ಏಕೈಕ ಗೋಲು ಹೊಡೆದು ಈಸ್ಟ್ ಬೆಂಗಾಲ್‌ಗೆ ಕಪ್ ಗೆದ್ದುಕೊಟ್ಟವರು ಬಂಗಾಳಿಯೂ ಅಲ್ಲ, ಕನ್ನಡಿಗರೂ ಅಲ್ಲ; ಇರಾನಿನ ಜಮ್ಶಿದ್ ನಸ್ಸೀರಿ.

ನಸ್ಸೀರಿ ಹುಟ್ಟಿದ್ದು 1959ರಲ್ಲಿ, ಖೊರ್ರಮ್‌ಶಹರ್‌ನಲ್ಲಿ. ಇರಾಕ್ ಗಡಿಗೆ ಅಂಟಿಕೊಂಡಂತೆ, ಕಾರೂನ್ ನದಿಯ ದಡದಲ್ಲಿರುವ ಬಂದರು ಪಟ್ಟಣ ಅದು. ಆ ಕಾಲಕ್ಕೆ ಇರಾನಿನ ಬಹಳಷ್ಟು ಹುಡುಗರು ಕಾಲೇಜು ಓದಲು ಭಾರತಕ್ಕೆ ಬರುತ್ತಿದ್ದರು. ಪುಣೆ, ಬೆಂಗಳೂರಿನ ಕಾಲೇಜುಗಳಲ್ಲೂ ಅವರಿದ್ದರು. ನಸ್ಸೀರಿ 1979ರಲ್ಲಿ ಸೇರಿದ್ದು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯವನ್ನು. ಅವರದೇ ಊರಿನ ಮಜೀದ್ ಬಿಶ್ಕರ್ ಕೂಡ ಅಲ್ಲಿದ್ದರು. ಮಹಮೂದ್ ಖಬಾಜಿಯೂ ಇದ್ದರು. ಮೂವರೂ ವಿಶ್ವವಿದ್ಯಾಲಯದ ತಂಡಕ್ಕೆ ಆಡುತ್ತಿದ್ದರು.

1980ರಲ್ಲಿ ಈಸ್ಟ್ ಬೆಂಗಾಲ್‌ನ ಹಿರಿಯ ಆಟಗಾರರು ಗುಂಪಾಗಿ ಕ್ಲಬ್ ತೊರೆದರು. ಬರಿದಾದ ತಂಡವನ್ನು ಮತ್ತೆ ಕಟ್ಟಬೇಕಿದ್ದ ಕೋಚ್ ಪಿ.ಕೆ. ಬ್ಯಾನರ್ಜಿ ಅವರ ಕೈಗೆ ಈ ಅಲೀಗಢದ ಹುಡುಗರು ಸಿಕ್ಕರು. ಆ ವರ್ಷವೇ ಈಸ್ಟ್ ಬೆಂಗಾಲ್ ಫೆಡರೇಷನ್ ಕಪ್ಪನ್ನು ಮೋಹನ್ ಬಗಾನ್ ಜೊತೆ ಹಂಚಿಕೊಂಡಿತು. ಮಜೀದ್ ಚೆಂಡನ್ನು ಆಡಿಸುವುದನ್ನು ನೋಡಲೆಂದೇ ಜನ ಮೈದಾನಕ್ಕೆ ಬರತೊಡಗಿದರು. ಅದೇ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯದ ವೇಳೆ ಗಲಭೆ, ನೂಕುನುಗ್ಗಲಾಗಿ 16 ಮಂದಿ ಪ್ರಾಣ ಕಳೆದುಕೊಂಡರು.

ಮರುತಿಂಗಳು ಇರಾಕ್ ಇರಾನಿನ ಮೇಲೆ ದಾಳಿ ಮಾಡಿತು. ಮೊದಲು ಪೆಟ್ಟು ತಿಂದ ಊರುಗಳಲ್ಲಿ ಖೊರ್ರಮ್‌ಶಹರ್ ಒಂದು. ಬೀದಿಬೀದಿಯಲ್ಲೂ ನಡೆದ ಕಾಳಗದ ನಂತರ ಊರು ಇರಾಕ್ ವಶವಾಯಿತು. ಇರಾನಿಯರು ಅದನ್ನು ‘ಖೂನೀನ್‌ಶಹರ್’, ಎಂದರೆ ನೆತ್ತರ ಊರು, ಎಂದು ಕರೆಯತೊಡಗಿದರು. 1982ರ ಮೇ 24ರಂದು ಊರು ಮತ್ತೆ ಇರಾನಿನ ಕೈಸೇರುವ ಹೊತ್ತಿಗೆ ಅಲ್ಲಿ ಉಳಿದದ್ದು ಹೆಚ್ಚಾಗಿ ಮುರಿದ ಗೋಡೆಗಳೇ. ಯುದ್ಧ ಮುಗಿಯಲು 1988 ಬರಬೇಕಾಯಿತು. ಕಲ್ಕತ್ತದ ಮೈದಾನದಲ್ಲಿ ಗೋಲು ಹೊಡೆಯುತ್ತಿದ್ದ ಇಬ್ಬರು ಗೆಳೆಯರ ಹುಟ್ಟೂರಿನ ಕಥೆ ಇದು.

ಇಬ್ಬರ ದಾರಿ ಅಲ್ಲಿಂದ ಬೇರೆಯಾಯಿತು. ಪ್ರತಿಭೆಯಲ್ಲಿ ಒಂದು ಕೈ ಮೇಲೆಂದು ಹೆಸರಾದ ಮಜೀದ್ ಆಟ ಕೆಲವೇ ವರ್ಷಗಳಲ್ಲಿ ಮಂಕಾಯಿತು. ಅವರು ಇರಾನಿಗೆ ಮರಳಿದರು. 2019ರಲ್ಲಿ ಈಸ್ಟ್ ಬೆಂಗಾಲ್‌ನ ಶತಮಾನೋತ್ಸವಕ್ಕೆ ಬಂದಾಗ, ಅವರನ್ನು ಎದುರುಗೊಳ್ಳಲು ಅಭಿಮಾನಿಗಳು ಕೋಲ್ಕತ್ತದ ವಿಮಾನ ನಿಲ್ದಾಣದಲ್ಲಿ ಕಿಕ್ಕಿರಿದು ನೆರೆದಿದ್ದರು. ನಸ್ಸೀರಿ ಮಾತ್ರ ಇಲ್ಲೇ ಉಳಿದರು. ಮೊಹಮ್ಮಡನ್ ಸ್ಪೋರ್ಟಿಂಗ್‌ಗೂ ಆಡಿದರು, ಕೋಲ್ಕತ್ತದಲ್ಲೇ ಮನೆ ಮಾಡಿದರು, ಸಂಸಾರ ಹೂಡಿದರು.

2022ರ ಜನವರಿ 29ರಂದು, ಗೋವಾದ ಫತೋರ್ಡಾದಲ್ಲಿ ಮತ್ತೆ ಅದೇ ವೈರಿಗಳ ಪಂದ್ಯ. ಒಂದು ಗೋಲು ಹಿಂದಿದ್ದ ಎಟಿಕೆ ಮೋಹನ್ ಬಗಾನ್ 21ರ ಹುಡುಗನೊಬ್ಬನನ್ನು ಬದಲಿ ಆಟಗಾರನಾಗಿ ಇಳಿಸಿತು. ಆತ ಮೂರು ಗೋಲು ಹೊಡೆದು ತಂಡವನ್ನು 3-1ರಿಂದ ಗೆಲ್ಲಿಸಿದ. ಆ ಹುಡುಗ ಕಿಯಾನ್ ನಸ್ಸೀರಿ, ಜಮ್ಶಿದ್ ಅವರ ಮಗ. ಬೆಂಗಳೂರಿನಲ್ಲಿ ಅಪ್ಪ ಸೋಲಿಸಿದ್ದ ಕ್ಲಬ್ಬಿಗಾಗಿ, ಅಪ್ಪನ ಕ್ಲಬ್ಬನ್ನೇ ಮಗ ಸೋಲಿಸಿದ್ದ. ತಂಡದ ಪಟ್ಟಿಯಲ್ಲಿ ಅಪ್ಪ ವಿದೇಶಿ ಆಟಗಾರ, ಮಗ ಭಾರತೀಯ.