ತಮ್ಮ ಕಥೆಗೆ ತಾವೇ ನಕ್ಕವರು



ಕೆಲವು ವರ್ಷಗಳ ಹಿಂದೆ, ಪ್ರಬಂಧ ಸಾಹಿತ್ಯವನ್ನು ಕುರಿತು ಉಪನ್ಯಾಸ ಮಾಡಲೆಂದು ನಾವು ರಾಯಚೂರಿನಿಂದ ನೀರಮಾನ್ವಿಗೆ ಹೊರಟಿದ್ದೆವು. ಊರ ಹೆಸರಿನ ಮೊದಲಿಗಿರುವ 'ನೀರ' ಎಂಬುದು ಬರಿಯ ವಿಶೇಷಣವೆಂದು ಬಗೆದು ಮಾನ್ವಿಗೇ ಟಿಕೆಟು ಕೊಂಡು, ಮಾನ್ವಿಯಲ್ಲಿಯೇ ಇಳಿದೆವು. ಎರಡೂ ಬೇರೆ ಬೇರೆ ಊರುಗಳೆಂದು ತಿಳಿದು ನೀರಮಾನ್ವಿಯನ್ನು ಸೇರುವಷ್ಟರಲ್ಲಿ ಸಭಿಕರು ಒಂದು ಗಂಟೆ ಕಾದಿದ್ದರು. ನಡೆದುದನ್ನು ಮುಚ್ಚಿಟ್ಟು, ಫ್ರಾನ್ಸ್ ದೇಶದ ಮಾಂಟೇನನು 1580ರಲ್ಲಿ ಪ್ರಕಟಿಸಿದ ಪ್ರಬಂಧಗಳಿಂದ ಗಂಭೀರವಾಗಿ ಪ್ರಾರಂಭಿಸಿದೆವು. ಮುಂದಿನ ಸಾಲಿನವರು ತೂಕಡಿಸತೊಡಗಿದರು. ಕಡೆಗೆ ವೃದ್ಧರೊಬ್ಬರು, "ಅವರ ಸುದ್ದಿ ಇರ್ಲಿ ಬಿಡ್ರಿ ಸರ. ನೀವ್ಯಾಕ ತಡ ಮಾಡಿದ್ರಿ, ಅದನ್ನರ ಹೇಳ್ರಿ" ಎಂದರು. ಹೇಳಿದೆವು. ಸಭೆ ನಕ್ಕು ಎಚ್ಚೆತ್ತಿತು. ಆಮೇಲೆ ಮಾಂಟೇನನಿಗೂ ಅಲ್ಲಿ ಮರ್ಯಾದೆ ದೊರೆಯಿತು.

ನಮ್ಮ ವಿದ್ಯೆಗೆ ಒಲಿಯದ ಸಭೆ ನಮ್ಮ ಅವಿವೇಕಕ್ಕೆ ಒಲಿದುದೇಕೆ? ಈ ಪ್ರಶ್ನೆಗೆ ಆ ಸೀಮೆಯ ಐತಿಹ್ಯವೊಂದರಲ್ಲಿಯೇ ಉತ್ತರದ ಸುಳಿವುಂಟು. ಮಾನ್ವಿ ತಾಲ್ಲೂಕಿನ ಬ್ಯಾಗವಟ್ಟಿಯಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಘನ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಭೋಜನಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂದೂ, ಸುಳ್ಳಿನ ನೋವು ದಿಟವಾಗಿ ಕಾಡಿತೆಂದೂ, ದೇವದುರ್ಗ ಸೀಮೆಯ ಮೊಸರುಕಲ್ಲಿನ ಗೋಪಾಲದಾಸರಿಂದ ಗುಣಹೊಂದಿದರೆಂದೂ ಪ್ರತೀತಿ. ಆ ಪಂಡಿತರೇ ಜಗನ್ನಾಥದಾಸರಾಗಿ 'ಹರಿಕಥಾಮೃತಸಾರ'ವನ್ನು ಕನ್ನಡದಲ್ಲಿ ರಚಿಸಿದರು. ಇದು ಭಕ್ತಿಯ ಕಥೆ, ಹಾಸ್ಯಪ್ರಬಂಧವಲ್ಲ. ಆದರೂ ಜನರು ಇದನ್ನು ಮುಗುಳುನಗೆಯಿಂದಲೇ ಹೇಳುತ್ತಾರೆ. ದೊಡ್ಡವರು ಎಡವಿದುದನ್ನು ಕೇಳಿದರೆ ಅವರ ಮೇಲಿನ ಗೌರವ ತಗ್ಗುವುದಿಲ್ಲ. ಅವರಿಗೂ ನಮಗೂ ನಡುವಣ ದೂರ ತಗ್ಗುತ್ತದೆ.

ದಾಸರ ಪದಗಳಲ್ಲಿ ತಮ್ಮನ್ನು ತಾವೇ ಹಳಿದುಕೊಳ್ಳುವ ರೂಢಿ ಹಳೆಯದು. ಅಲ್ಲಿ ಕೇಳುವವನು ದೇವರು. ಕೇಳುವವನು ನೆರೆಮನೆಯವನಾಗಿ, ಹಳಿಯುವಿಕೆ ನಗೆಯಾಗಿ, ಪದ್ಯವು ಗದ್ಯವಾದುದು 20ನೆಯ ಶತಮಾನದಲ್ಲಿ. 1930ರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಹಳ್ಳಿಯ ಚಿತ್ರಗಳು' ಹೊರಬಂದಿತು. ಹೇಮಾವತಿ ತೀರದ ಆ ಬರೆಹಗಳಲ್ಲಿ ಲೇಖಕರು ದೂರ ನಿಂತ ಪ್ರೇಕ್ಷಕರಲ್ಲ; ಊರಿನ ಪೇಚಾಟಗಳಲ್ಲಿ ತಾವೂ ಪಾಲುದಾರರು. 1937ರಲ್ಲಿ ಎ. ಎನ್. ಮೂರ್ತಿರಾಯರ 'ಹಗಲುಗನಸುಗಳು' ಬಂದಿತು. ಇಂಗ್ಲಿಷ್ ಅಧ್ಯಾಪಕರೊಬ್ಬರು ತಾವು ಹಗಲುಗನಸು ಕಾಣುವವರೆಂದು ಪುಸ್ತಕದ ಹೆಸರಿನಲ್ಲಿಯೇ ಒಪ್ಪಿಕೊಂಡರು! 1942ರಲ್ಲಿ 'ರಾಶಿ' ಎಂಬ ಕಾವ್ಯನಾಮದ ವೈದ್ಯರಾದ ಡಾ. ಎಂ. ಶಿವರಾಮರು 'ಕೊರವಂಜಿ' ಪತ್ರಿಕೆಯನ್ನು ಹುಟ್ಟಿಸಿ, ಇಂಥ ನಗೆಗೆ ತಿಂಗಳು ತಿಂಗಳೂ ಒಂದು ಮನೆ ಮಾಡಿಕೊಟ್ಟರು.

ಈ ನಗೆಯನ್ನು ಸುಖಿಗಳ ವಿನೋದವೆಂದು ತಿಳಿಯಬಾರದು. ನಮ್ಮವರು ಗುರುವೆಂದು ಬಗೆದ ಚಾರ್ಲ್ಸ್ ಲ್ಯಾಂಬನು ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ 33 ವರ್ಷ ಗುಮಾಸ್ತಿಕೆ ಮಾಡಿದವನು. 1796ರಲ್ಲಿ ಬುದ್ಧಿಭ್ರಮಣೆಯಾದ ಅಕ್ಕನು ತಾಯಿಯನ್ನೇ ಕೊಂದಳು. ಆ ಅಕ್ಕನನ್ನು ಲ್ಯಾಂಬನು ಕಡೆಯವರೆಗೂ ಸಾಕಿದನು. 'ಎಲಿಯ'ನ ಪ್ರಬಂಧಗಳು 1823ರಲ್ಲಿ ಗ್ರಂಥರೂಪದಲ್ಲಿ ಬಂದಾಗ ಅವುಗಳ ನಗೆಯ ಕೆಳಗೆ ಈ ದುಃಖವಿತ್ತು. ನಮ್ಮಲ್ಲಿ 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು, ಅಂದರೆ ನಾಡಿಗೆಲ್ಲ ಪರಿಚಿತರಾದ ಬೀಚಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡವರು. ಅನಕೃ ಅವರ 'ಸಂಧ್ಯಾರಾಗ'ವನ್ನು ಓದಿದ ಮೇಲೆ ಅವರು ಕನ್ನಡದ ಕಡೆಗೆ ತಿರುಗಿದರು. ಅವರು ಆತ್ಮಕಥೆಗೆ ಇಟ್ಟ ಹೆಸರು 'ನನ್ನ ಭಯಾಗ್ರಫಿ'. ಒಂದಕ್ಷರವನ್ನು ತಿರುಚಿ ನಗಿಸಿದರು. ಆ ತಿರುವಿನಲ್ಲಿ 'ಭಯ' ಎಂಬ ಮಾತನ್ನೂ ಬಚ್ಚಿಡದೆ ಇಟ್ಟರು. ಅತ್ತು ಹೇಳಿದ್ದರೆ ನಾವು ಮರುಗಿ ಮರೆಯುತ್ತಿದ್ದೆವು. ನಗಿಸಿ ಹೇಳಿದ್ದರಿಂದ ಜೊತೆಯಲ್ಲಿಯೇ ನಡೆದೆವು.

ಇಷ್ಟಾದರೂ ಒಂದು ಎಚ್ಚರಿಕೆ ಅಗತ್ಯ. ತನ್ನನ್ನು ಹಳಿದುಕೊಳ್ಳುವ ನೆಪದಲ್ಲಿ ಹೊಗಳಿಕೆಯನ್ನು ಬೇಡುವವರೂ ಉಂಟು. ಹೆಂಡತಿಯನ್ನೂ ಬಡವರನ್ನೂ ನಗೆಪಾಟಲು ಮಾಡಿ ಅದನ್ನೇ ಆತ್ಮಕಥನವೆನ್ನುವವರೂ ಉಂಟು. ನಗೆಯ ಖರ್ಚನ್ನು ಬರೆಯುವವನು ತನ್ನ ಗಂಟಿನಿಂದಲೇ ತೆರಬೇಕು.

ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ಇನ್ನೊಂದು ಆಸೆಯುಂಟು. 1948ರ ಸೆಪ್ಟೆಂಬರಿನವರೆಗೂ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಯಲ್ಲಿ ಮಕ್ಕಳು ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಉರ್ದು ಕಲಿತರು. ಆಳ್ವಿಕೆಯ ಫರ್ಮಾನುಗಳು ದಫ್ತರುಗಳಲ್ಲಿ ಉಳಿದಿವೆ. ಆದರೆ ತಿಳಿಯದ ಭಾಷೆಯಲ್ಲಿ ಪಾಠ ಒಪ್ಪಿಸುತ್ತ ಹುಡುಗನು ತಡವರಿಸಿದುದು, ಮನೆಗೆ ಬಂದು ಅದನ್ನು ಹೇಳಿ ಎಲ್ಲರನ್ನೂ ನಗಿಸಿದುದು, ಯಾವ ದಫ್ತರಿನಲ್ಲಿದೆ? ಅದನ್ನು ಬಲ್ಲವರು ಈಗ ತೀರ ಕಡಿಮೆ. ಅವರ ಪಕ್ಕದಲ್ಲಿ ಕುಳಿತು, ನೀರಮಾನ್ವಿಯ ಆ ಹಿರಿಯರು ನಮ್ಮನ್ನು ಕೇಳಿದಂತೆಯೇ ಕೇಳಬೇಕು: ಲೋಕದ ಸುದ್ದಿ ಇರಲಿ, ನಿಮ್ಮದೊಂದು ಹೇಳಿರಿ. ಹೇಳಿದುದನ್ನು ಅವರು ನಗುನಗುತ್ತಿರುವಾಗಲೇ ಬರೆದಿಟ್ಟುಕೊಳ್ಳಬೇಕು.